ಭಾನುವಾರ ಬಿಡಿ, ಮಂಗಳವಾರ ಮಧ್ಯಾಹ್ನ ಸ್ತೋತ್ರ ಹೇಳೋದು ಹೇಗೆ?

ಪಿಬಿ ರೋಡ್ ಗ್ಯಾರೇಜ್
ಎಲ್ಲರಿಗೂ ವಂದನೆ. ನಾನು ದಾವಣಗೆರೆಯವ. ಪಿ.ಬಿ. ರಸ್ತೆ ಬದಿಗೆ ಟೂ ವೀಲರ್ ಗ್ಯಾರೇಜ್ ಇಟ್ಕೊಂಡಿದೀನಿ. ಶುಕ್ರವಾರ ಶುಕ್ರವಾರ ನಮ್ಮ ಓಣಿಯಲ್ಲಿ ಮನೆ ಪ್ರಾರ್ಥನೆ ಇರುತ್ತೆ. ಹಾಡು ಮುಗಿದ ಮೇಲೆ ಒಬ್ಬೊಬ್ಬರಾಗಿ ಎದ್ದು ಸಾಕ್ಷಿ ಹೇಳಬೇಕು. ಎಲ್ಲರದೂ ಶುರುವಾಗೋದು ಒಂದೇ ಥರ: "ಕಳೆದ ವಾರವೆಲ್ಲಾ ಕಣ್ಣುಗುಡ್ಡೆಯ ಹಾಗೆ ಕಾಪಾಡಿದ ಕರ್ತನಿಗೆ ಸ್ತೋತ್ರ." ನಂದೂ ಅದೇ. ಕಾರ್ಬೊರೇಟರ್ ಬಿಚ್ಚುವಾಗ ಕೈ ತಾನಾಗಿ ಓಡುತ್ತಲ್ಲ, ಹಾಗೆ ನಾಲಿಗೆ ಓಡುತ್ತೆ, ಮನಸ್ಸು ಇನ್ನೆಲ್ಲೋ ಇರುತ್ತೆ.

ಇನ್ನು ಮಂಗಳವಾರ ಮಧ್ಯಾಹ್ನದ ಕಥೆ ನೋಡಿ. ಹುಡುಗ ಕೆಲಸಕ್ಕೆ ಬಂದಿಲ್ಲ, ಫೋನೂ ಎತ್ತಲ್ಲ. ಸ್ಪೇರ್ ಪಾರ್ಟ್ಸ್ ಅಂಗಡಿಯವರು ಹಳೇ ಬಾಕಿ ಕೇಳ್ತಿದಾರೆ. "ಸಂಜೆ ದುಡ್ಡು ಹಾಕ್ತೀನಿ" ಅಂತ ಗಾಡಿ ತಗೊಂಡು ಹೋದವರು ಹೋದರು. ಆ ಹೊತ್ತಿನಲ್ಲಿ ಕೃತಜ್ಞತೆ ಅಂದ್ರೆ ಏನು? ಎಲ್ಲಾದರಲ್ಲೂ ಸ್ತುತಿ ಮಾಡಿ ಅಂತ ಅಪೊಸ್ತಲ ಪೌಲ ಥೆಸಲೋನಿಕದ ಸಭೆಯವರಿಗೆ ಬರೆದದ್ದು ನನಗೂ ಗೊತ್ತು, ದಯವಿಟ್ಟು ಬೈಬಲ್ ವಚನ ಫಾರ್ವರ್ಡ್ ಮಾಡಬೇಡಿ. ನೀವು ಏನು ಮಾಡ್ತೀರಿ, ಅದನ್ನ ಹೇಳಿ.

ಹರಿಹರದ ಮೇಷ್ಟ್ರು
ತಮ್ಮಾ, ವಚನ ಬೇಡ ಅಂದೆ, ಆದರೂ ಒಂದು ಕೀರ್ತನೆಯಿಂದಲೇ ಶುರು ಮಾಡುತ್ತೇನೆ, ಮೇಷ್ಟ್ರ ಚಟ. ಬೈಬಲಿನ ಕೀರ್ತನೆಗಳ ಪುಸ್ತಕದಲ್ಲಿ 103ನೆಯದು. ಅದರಲ್ಲಿ ದಾವೀದನು ಸಭೆಗೆ ಹೇಳುತ್ತಿಲ್ಲ, ತನ್ನ ಮನಸ್ಸಿಗೇ ಹೇಳಿಕೊಳ್ಳುತ್ತಿದ್ದಾನೆ, ದೇವರು ಮಾಡಿದ ಉಪಕಾರಗಳನ್ನು ಮರೆಯಬೇಡ ಎಂದು. ಮರೆಯುವುದು ನಮ್ಮ ಹುಟ್ಟುಗುಣ ಎಂದು ಅವನಿಗೆ ಗೊತ್ತಿತ್ತು. ಆದ್ದರಿಂದ ನಾಲಿಗೆ ಓಡಿ ಮನಸ್ಸು ಹಿಂದೆ ಉಳಿಯಿತು ಎಂದು ನೀನು ಗಾಬರಿಯಾಗಬೇಕಿಲ್ಲ.

ನಮ್ಮ ಮನೆಯಲ್ಲಿ ಮಾಡುವುದು ಇಷ್ಟು. ರಾತ್ರಿ ಊಟಕ್ಕೆ ಮುಂಚೆ ಕುಟುಂಬ ಪ್ರಾರ್ಥನೆ. ಒಬ್ಬೊಬ್ಬರೂ ಒಂದೇ ಒಂದು ಸಂಗತಿಗೆ ಸ್ತೋತ್ರ ಹೇಳಬೇಕು. "ಕಾಪಾಡಿದಿ, ನಡೆಸಿದಿ" ಎನ್ನುವಂತಿಲ್ಲ. ಒಬ್ಬ ಮನುಷ್ಯನ ಹೆಸರೋ ಒಂದು ಜಾಗದ ಹೆಸರೋ ಅದರಲ್ಲಿ ಬರಲೇಬೇಕು. ಮೊನ್ನೆ ಮೊಮ್ಮಗಳು, "ಬಸ್ ಸ್ಟ್ಯಾಂಡಿನಲ್ಲಿ ಕಂಡಕ್ಟರ್ ಅಂಕಲ್ ನನ್ನ ಬಿದ್ದ ಜಾಮಿಟ್ರಿ ಬಾಕ್ಸ್ ಕಿಟಕಿಯಿಂದ ಕೊಟ್ಟರು" ಎಂದಳು. ಅದು ಸಾಕು. ಕೀರ್ತನೆ 136 ತೆಗೆದು ನೋಡು. 26 ವಚನ, ಎಲ್ಲದರ ಕೊನೆಗೂ ಅದೇ ಪಲ್ಲವಿ. ಆದರೆ ವಚನದ ಮೊದಲರ್ಧದಲ್ಲಿ ಸೂರ್ಯ, ಚಂದ್ರ, ಕೆಂಪು ಸಮುದ್ರ, ಅಮೋರಿಯರ ಅರಸ ಸೀಹೋನ, ಬಾಷಾನಿನ ಓಗ ಎಂದು ಒಂದೊಂದನ್ನೂ ಹೆಸರು ಹಿಡಿದು ಹೇಳಿದ್ದಾರೆ. ಬರೀ ಪಲ್ಲವಿ ಹಾಡಿದರೆ ನಿನ್ನ ಶುಕ್ರವಾರದ ಸಾಕ್ಷಿ ಆಗುತ್ತದೆ.

ಬೆಣ್ಣೆದೋಸೆ ಬೆಂಗಳೂರಲ್ಲಿ
ಮೇಷ್ಟ್ರೇ, ನಮಸ್ಕಾರ. ಊರು ದಾವಣಗೆರೆ, ಹೊಟ್ಟೆಪಾಡು ಬೆಂಗಳೂರು. ನಮ್ಮ ಆಫೀಸಿನಲ್ಲಿ ಇದನ್ನೇ ಎಚ್‌ಆರ್ ಮೇಡಂ ಮಾಡಿಸ್ತಾರೆ. ಎಲ್ಲರಿಗೂ ಒಂದೊಂದು ಡೈರಿ ಕೊಟ್ಟು ದಿನಾ ಮೂರು ಒಳ್ಳೇದು ಬರೀರಿ ಅಂತ. ಇದರ ಹಿಂದೆ ಸಂಶೋಧನೆಯೂ ಇದೆ. ಅಮೆರಿಕದ ರಾಬರ್ಟ್ ಎಮನ್ಸ್, ಮೈಕಲ್ ಮೆಕಲ್ಲೊ ಅನ್ನೋ ಮನಶ್ಶಾಸ್ತ್ರಜ್ಞರು 2003ರಲ್ಲಿ ಪ್ರಕಟಿಸಿದ್ದು. ಕೆಲವರಿಂದ ವಾರಕ್ಕೊಮ್ಮೆ ತಮಗೆ ಸಿಕ್ಕ ಒಳ್ಳೇದರ ಪಟ್ಟಿ, ಇನ್ನು ಕೆಲವರಿಂದ ಕಿರಿಕಿರಿಗಳ ಪಟ್ಟಿ ಬರೆಸಿದರು, 10 ವಾರ. ಒಳ್ಳೇದು ಬರೆದವರಿಗೆ ತಮ್ಮ ಬದುಕಿನ ಬಗ್ಗೆ ಹೆಚ್ಚು ಸಮಾಧಾನ ಇತ್ತಂತೆ.

ಹಾಗಾದ್ರೆ ನನ್ನ ಪ್ರಶ್ನೆ: ಇದರಲ್ಲಿ ಕ್ರೈಸ್ತರದ್ದು ಅಂತ ಏನಿದೆ? ದೇವರನ್ನ ನಂಬದ ನಮ್ಮ ಟೀಮ್ ಲೀಡರೂ ದಿನಾ ಬರೀತಾನೆ, ಆರಾಮಾಗಿ ನಿದ್ದೆ ಮಾಡ್ತಾನೆ.

ಹರಿಹರದ ಮೇಷ್ಟ್ರು
ನಿದ್ದೆ ಮಾಡಲಿ ಬಿಡಪ್ಪ, ಒಳ್ಳೆಯದೇ. ಲೂಕನ ಸುವಾರ್ತೆ 17ರಲ್ಲಿ ಹತ್ತು ಮಂದಿ ಕುಷ್ಠರೋಗಿಗಳು ಯೇಸುವಿನಿಂದ ವಾಸಿಯಾದರು. ಹತ್ತೂ ಜನರಿಗೆ ಸಂತೋಷ ಆಗಿಯೇ ಇರುತ್ತದೆ. ಡೈರಿ ಇದ್ದಿದ್ದರೆ ಹತ್ತೂ ಜನ ಬರೆದುಕೊಳ್ಳುತ್ತಿದ್ದರು. ತಿರುಗಿ ಬಂದು ವಾಸಿ ಮಾಡಿದವನ ಕಾಲಿಗೆ ಬಿದ್ದವನು ಒಬ್ಬನೇ, ಅವನೂ ಯೆಹೂದ್ಯರು ಮುಟ್ಟಿಸಿಕೊಳ್ಳದ ಸಮಾರ್ಯದವ. ನಮ್ಮದು ಅಲ್ಲಿಂದ ಶುರು. ಸಿಕ್ಕಿದ್ದನ್ನು ಎಣಿಸುವುದು ಅರ್ಧ ಕೆಲಸ, ಕೊಟ್ಟವನ ಕಡೆ ಮುಖ ತಿರುಗಿಸುವುದು ಇನ್ನರ್ಧ.

ನೈಟ್‌ಡ್ಯೂಟಿ
ಇಷ್ಟೊತ್ತು ಸುಮ್ಮನೆ ಓದ್ತಿದ್ದೆ. ನಾನು ದಾವಣಗೆರೆಯ ಒಂದು ಆಸ್ಪತ್ರೆಯಲ್ಲಿ ಸ್ಟಾಫ್ ನರ್ಸ್, ಹೆಚ್ಚಾಗಿ ಮಕ್ಕಳ ಐಸಿಯು. ನನಗೆ ಈ ವಿಷಯ ಎತ್ತಿದರೇ ಮೈ ಉರಿಯುತ್ತೆ, ಯಾಕೆ ಅಂತ ಹೇಳ್ತೀನಿ.

ಒಂದು ಕೂಸು ಹೋಗಿತ್ತು. ಬೆಳಗಿನ ಜಾವ. ಅಮ್ಮ ಇನ್ನೂ ಕಾರಿಡಾರಿನಲ್ಲಿ ನೆಲದ ಮೇಲೆ ಕೂತಿದ್ದಾಳೆ, ಕೈಯಲ್ಲಿ ಮಗುವಿನ ಕುಲಾವಿ. ಸಭೆಯಿಂದ ಒಬ್ಬರು ಬಂದರು, ಬೈಬಲ್ ಕಂಕುಳಲ್ಲಿ. ಬಂದವರೇ, "ಸಿಸ್ಟರ್, ಅಳಬೇಡಿ, ಇದಕ್ಕೂ ಸ್ತೋತ್ರ ಹೇಳಿ, ದೇವರು ಏನೋ ಒಳ್ಳೇದು ಇಟ್ಟಿದ್ದಾರೆ" ಅಂದರು. ಆಕೆ ತಲೆ ಎತ್ತಿ ನೋಡಿದ್ದು ನನಗೆ ಈಗಲೂ ಕಣ್ಣ ಮುಂದೆ ಇದೆ. ಆಮೇಲೆ ಆಕೆ "ಸ್ತೋತ್ರ" ಅಂದಳು. ಹೇಳದಿದ್ದರೆ ನಂಬಿಕೆ ಇಲ್ಲದವಳು ಅಂದ್ಕೋತಾರೆ ಅನ್ನೋ ಹೆದರಿಕೆಗೆ.

ಪೌಲ ಥೆಸಲೋನಿಕದವರಿಗೆ ಬರೆದ ಅದೇ ಪತ್ರಿಕೆಯಲ್ಲಿ, ಒಂದು ಅಧ್ಯಾಯ ಹಿಂದೆ, ಸತ್ತವರ ಬಗ್ಗೆ ಬರೀತಾನೆ. ನಿರೀಕ್ಷೆ ಇಲ್ಲದವರ ಹಾಗೆ ದುಃಖಿಸಬೇಡಿ ಅಂತಾನೆ, ದುಃಖವೇ ಪಡಬೇಡಿ ಅಂತ ಎಲ್ಲೂ ಅಂದಿಲ್ಲ. ಕೀರ್ತನೆ 88 ಓದಿದ್ದೀರಾ? ಕೊನೆಯವರೆಗೂ ಕತ್ತಲೇ, ಕೊನೆಯ ಮಾತೂ ಕತ್ತಲೆ. ಅದರಲ್ಲಿ ಒಂದು ಸ್ತೋತ್ರ ಹುಡುಕಿ ಕೊಡಿ ನೋಡೋಣ. ಅದನ್ನೂ ಬೈಬಲಿನಲ್ಲೇ ಇಟ್ಟಿದ್ದಾರೆ, ಆರಾಧನೆಯಲ್ಲಿ ಹಾಡೋಕೆ. ಮಕ್ಕಳು, ಆಸ್ತಿ ಎಲ್ಲಾ ಕಳೆದುಕೊಂಡ ಯೋಬನ ಗೆಳೆಯರು ಏಳು ದಿನ ಏಳು ರಾತ್ರಿ ಅವನ ಜೊತೆ ನೆಲದ ಮೇಲೆ ಸುಮ್ಮನೆ ಕೂತಿದ್ದಾಗ ಸರಿಯಾಗಿದ್ದರು. ಬಾಯಿ ಬಿಟ್ಟ ಮೇಲೆ ಕೆಟ್ಟರು.

ಸೆಪ್ಟೆಂಬರ್ ಎಂಟು
ನೈಟ್‌ಡ್ಯೂಟಿ ಸಿಸ್ಟರ್, ನಿಮ್ಮ ಮಾತು ನೂರಕ್ಕೆ ನೂರು ಸರಿ.

ನಾವು ಹರಿಹರದ ಕಥೋಲಿಕರು, ಆರೋಗ್ಯಮಾತೆ ಮರಿಯಮ್ಮನವರ ದೇವಾಲಯದ ಹತ್ತಿರವೇ ಮನೆ. ಗ್ಯಾರೇಜ್ ಅಣ್ಣ ಕೇಳಿದ್ದಕ್ಕೆ ನಾನು ಮಾಡೋದು ಹೇಳ್ತೀನಿ. ಯೇಸುಸಭೆ ಅಂದ್ರೆ ಜೆಸ್ವಿಟ್ ಗುರುಗಳ ಸಂಘ ಕಟ್ಟಿದ ಸಂತ ಇಗ್ನೇಷಿಯಸ್ ಲೊಯೋಲಾ ಗೊತ್ತಲ್ಲ, ಮೊದಲು ಸಿಪಾಯಿ ಆಗಿದ್ದವರು, 1521ರಲ್ಲಿ ಪಾಂಪ್ಲೋನಾ ಯುದ್ಧದಲ್ಲಿ ಫಿರಂಗಿ ಗುಂಡು ಬಿದ್ದು ಕಾಲು ಮುರಿದುಕೊಂಡವರು. ಅವರು ಹೇಳಿಕೊಟ್ಟ ಆತ್ಮಶೋಧನೆಯ ಪ್ರಾರ್ಥನೆ ಒಂದಿದೆ, ಐದು ಹಂತ. ಆತ್ಮಶೋಧನೆ ಅಂದ್ರೆ ನಾವು ತಪ್ಪು ಹುಡುಕೋದರಿಂದ ಶುರು ಮಾಡ್ತೀವಿ. ಅವರು ಹಾಗೆ ಮಾಡಲ್ಲ. ಮೊದಲನೇ ಹಂತವೇ ದೇವರಿಂದ ಬಂದ ಉಪಕಾರಗಳಿಗೆ ವಂದನೆ. ಬೆಳಕು ಕೇಳೋದು, ದಿನವನ್ನ ಗಂಟೆ ಗಂಟೆಯಾಗಿ ನೋಡೋದು, ಕ್ಷಮೆ, ನಾಳೆಯ ನಿರ್ಧಾರ ಎಲ್ಲಾ ಆಮೇಲೆ. 1542ರಲ್ಲಿ ಒಂದು ಪತ್ರದಲ್ಲಿ ಅವರು, ಎಲ್ಲಾ ಪಾಪಗಳ ಬೇರು ಉಪಕಾರ ಮರೆಯೋದೇ ಅನ್ನೋ ಅರ್ಥದಲ್ಲಿ ಬರೆದಿದ್ದಾರೆ.

ನಾನು ಇದನ್ನ ದೊಡ್ಡದಾಗಿ ಮಾಡಲ್ಲ. ರಾತ್ರಿ ಗೇಟು ಬೀಗ ಹಾಕಿ, ಜಗಲಿ ಮೇಲೆ ಕೂತು, ಬೆಳಗ್ಗೆ ಹಾಲಿನವ ಬಂದಲ್ಲಿಂದ ದಿನವನ್ನ ತಿರುವಿ ಹಾಕ್ತೀನಿ. ಸೊಳ್ಳೆ ಕಚ್ಚಿದರೆ ಬೇಗ ಮುಗಿಯುತ್ತೆ.

ವಾಕ್ಯ ಮಾತ್ರ
ಸಂತರ ಹಿಂದೆ ಹೋಗುವುದು ಬೇಡ. ಹರಿಹರಕ್ಕೆ ಹೋಗಿ ಹರಕೆ ಹೊರುವುದೂ ಕೃತಜ್ಞತೆಯಾ? ಅದು ವ್ಯಾಪಾರ. ಕೊಟ್ಟರೆ ಮೇಣದ ಬತ್ತಿ, ಕೊಡದಿದ್ದರೆ ಇಲ್ಲ.

ಸೆಪ್ಟೆಂಬರ್ ಎಂಟು
ಬ್ರದರ್, ಸೆಪ್ಟೆಂಬರ್ 8ರ ಹಬ್ಬಕ್ಕೆ ಒಂದ್ಸಲ ಬನ್ನಿ. ದಾವಣಗೆರೆ, ಶಿವಮೊಗ್ಗ, ಎಲ್ಲೆಲ್ಲಿಂದಲೋ ಜನ ಬರ್ತಾರೆ, ಕ್ರೈಸ್ತರಲ್ಲದವರೂ ಬರ್ತಾರೆ. ಕೇಳೋಕೆ ಬಂದವರೂ ಇರ್ತಾರೆ, ಕೇಳಿದ್ದು ಸಿಗದೇ ಹೋದರೂ ಬಂದವರೂ ಇರ್ತಾರೆ. ಎರಡನೆಯವರ ಜೊತೆ ಮಾತಾಡಿ, ಆಮೇಲೆ ವ್ಯಾಪಾರ ಅನ್ನಿ. ಚೌಕಾಸಿ ಮಾಡೋರು ನಿಮ್ಮಲ್ಲೂ ಇದಾರೆ, "ದಶಮಾಂಶ ಕೊಟ್ಟರೆ ದೇವರು ನೂರ್ಮಡಿ ಕೊಡ್ತಾನೆ" ಅಂತ ಲೆಕ್ಕ ಹಾಕೋರು.

ನಿರ್ವಾಹಕ
ಸಭೆ ಸಭೆ ಜಗಳ ಇಲ್ಲಿ ಬೇಡ, ಅದಕ್ಕೆ ಬೇರೆ ಎಳೆ ಇದೆ. ಇಬ್ಬರದೂ ಎರಡೆರಡು ಪ್ರತಿಕ್ರಿಯೆ ತೆಗೆದಿದ್ದೇನೆ. ಮಂಗಳವಾರ ಮಧ್ಯಾಹ್ನಕ್ಕೆ ಬನ್ನಿ.

ಮೂರನೇ ಬೆಂಚು
ನಿರ್ವಾಹಕರೇ, ನಂದು ಮಂಗಳವಾರ ಬೆಳಗ್ಗೆ ಐದು ಗಂಟೆಯದ್ದು, ನಡೆಯುತ್ತಾ?

ನಮ್ಮ ಯಜಮಾನರು ಸಭೆಯಲ್ಲಿ ಸಾಕ್ಷಿಗೆ ಹೆಸರುವಾಸಿ. ಅವರು ಎದ್ದು ನಿಂತರೆ ಹೆಂಗಸರ ಕಡೆಯಿಂದಲೂ ಆಮೆನ್ ಬರುತ್ತೆ. "ಹೊತ್ತು ಹೊತ್ತಿಗೆ ಅನ್ನ ಕೊಟ್ಟ ದೇವರಿಗೆ ಸ್ತೋತ್ರ" ಅಂತಾರೆ. ನಾನು ಮೂರನೇ ಬೆಂಚಿನಲ್ಲಿ ಕೂತು ಯೋಚನೆ ಮಾಡ್ತೀನಿ, ದೇವರು ಆ ಅನ್ನ ಕೊಟ್ಟದ್ದು ಯಾವ ದಾರೀಲಿ ಅಂತ. ಐದಕ್ಕೆ ಎದ್ದು, ರೊಟ್ಟಿ ತಟ್ಟಿ, ಪಲ್ಯ ಮಾಡಿ, ಇಬ್ಬರು ಮಕ್ಕಳ ಡಬ್ಬಿ, ಅವರ ಡಬ್ಬಿ, ಅತ್ತೆಗೆ ಶುಗರ್ ಇರೋದಕ್ಕೆ ಬೇರೆ ಡಬ್ಬಿ. ಸಂಜೆ ಅವರ ಡಬ್ಬಿ ಖಾಲಿಯಾಗಿ ಸಿಂಕಿನಲ್ಲಿ ಬೀಳುತ್ತೆ. ಅದನ್ನ ತೆಗೆದುಕೊಟ್ಟು "ಪಲ್ಯ ಚೆನ್ನಾಗಿತ್ತು" ಅಂದದ್ದು ಯಾವಾಗಲೋ ನೆನಪಿಲ್ಲ.

ನಮ್ಮಲ್ಲಿ ಮನೆಯವರಿಗೆ ಥ್ಯಾಂಕ್ಸ್ ಹೇಳೋ ರೂಢಿ ಇಲ್ಲ, ಒಪ್ಪಿದೆ. ಹೇಳಿದರೆ ಪರಕೀಯರ ಹಾಗೆ ಅನ್ನಿಸುತ್ತೆ. ಥ್ಯಾಂಕ್ಸ್ ಅನ್ನಬೇಕಾಗಿಲ್ಲ. ನೋಡಿದರೆ ಸಾಕು. ಕೈ ಸುಟ್ಟುಕೊಂಡಿದ್ದು ನೋಡಲಿ. ರೊಟ್ಟಿ ಇನ್ನೊಂದು ಕೇಳಲಿ. ದೇವರಿಗೆ ಮಾತ್ರ ಸ್ತೋತ್ರ ಹೇಳಿ ಮಧ್ಯದಲ್ಲಿ ನಿಂತವಳನ್ನ ದಾಟಿ ಹೋಗೋದು ದೇವರಿಗೂ ಇಷ್ಟ ಆಗಲಿಕ್ಕಿಲ್ಲ.

ಬೆಣ್ಣೆದೋಸೆ ಬೆಂಗಳೂರಲ್ಲಿ
ಅಕ್ಕಾ, ಈಗಷ್ಟೇ ಅಮ್ಮನಿಗೆ ಫೋನ್ ಮಾಡಿದೆ. "ಏನಾತೋ, ದುಡ್ಡು ಬೇಕೇನು?" ಅಂದ್ರು.

ಪಿಬಿ ರೋಡ್ ಗ್ಯಾರೇಜ್
ಮೂರನೇ ಬೆಂಚು ಅಕ್ಕ, ನಿಮ್ಮ ಪೋಸ್ಟ್ ಓದಿ ಮೊದಲು ನನ್ನ ಮನೆಯವರ ಫೋನ್ ನೋಡಿದೆ, ಈ ಗುಂಪಿನಲ್ಲಿ ಬೇರೆ ಹೆಸರಲ್ಲಿ ಇದಾಳಾ ಅಂತ. ನಮ್ಮನೇಲೂ ರೊಟ್ಟಿಯೇ.

ನಗೋ ಮಾತು ಇರಲಿ. ನಮ್ಮ ಹುಡುಗ ಕೆಲಸಕ್ಕೆ ಬಂದಿಲ್ಲ ಅಂತ ದೂರಿದೆನಲ್ಲ, ಬಂದ ದಿನಗಳಲ್ಲಿ ಅವನು ಏನು ಮಾಡ್ತಾನೆ ಅಂತ ಈಗ ಲೆಕ್ಕ ಹಾಕ್ತಿದೀನಿ. ಬೆಳಗ್ಗೆ ಶಟರ್ ಎತ್ತಿ ಗಾಡಿಗಳನ್ನ ಸಾಲಾಗಿ ಹೊರಗೆ ಇಡೋದು, ಆಯಿಲ್ ಚೆಲ್ಲಿದ ಕಡೆ ಮರದ ಪುಡಿ ಹಾಕೋದು, ಗಿರಾಕಿಗಳಿಗೆ ಚಹಾ ತರೋದು, ಯಾವುದನ್ನೂ ನಾನು ಹೇಳಿಕೊಟ್ಟಿಲ್ಲ. ಮೇಷ್ಟ್ರ ನಿಯಮದ ಪ್ರಕಾರ ಈ ಶುಕ್ರವಾರ ಅವನ ಹೆಸರು ಹೇಳ್ತೀನಿ.

ಯಾರ್ಡ್‌ನವ
ಗ್ಯಾರೇಜ್ ಅಣ್ಣ, ಪ್ರಾರ್ಥನೇಲಿ ಹೆಸರು ಹೇಳ್ರಿ, ಬ್ಯಾಡ ಅನ್ನಲ್ಲ. ಪಗಾರ ಎಷ್ಟು ಕೊಡ್ತೀರಿ ಅನ್ನೋದನ್ನೂ ಹೇಳ್ರಿ.

ಸಿಟ್ಟಾಗಬ್ಯಾಡ್ರಿ. ನಮ್ಮಪ್ಪ ಎಪಿಎಂಸಿ ಯಾರ್ಡಿನ್ಯಾಗ ಹಮಾಲಿ. ಮೆಕ್ಕೆಜೋಳದ ಸೀಜನ್ ಬಂದ್ರ ಬೆನ್ನು ಬಗ್ಗಿಸಿದ್ರ ಎತ್ತಂಗಿಲ್ಲ. ಚೀಲಕ್ಕ ಇಷ್ಟು ಅಂತ ಕೂಲಿ. ಅಂಗಡಿ ಮಾಲಕರು ಒಬ್ಬರಿದ್ರು, ಅವರೂ ನಮ್ಮ ವಿಶ್ವಾಸದವರ. ಕೂಲಿ ಜಾಸ್ತಿ ಕೇಳಿದ್ರ "ದೇವರು ಕೊಟ್ಟಿದ್ದಕ್ಕ ತೃಪ್ತಿ ಇರಬೇಕಪ್ಪ, ಪೌಲ ಏನಂದಾನ" ಅಂತಿದ್ರು. ಬೈಬಲ್ ಬರೋದು ಅವರ ಬಾಯಿಂದ, ಭಾರ ಬರೋದು ನಮ್ಮಪ್ಪನ ಬೆನ್ನಿಗೆ.

ಹಂಗಾಗಿ ಕೃತಜ್ಞತೆ ಬಗ್ಗೆ ಪ್ರಸಂಗ ಕೇಳಿದ್ರ ನಾ ಮೊದಲು ನೋಡೋದು ಹೇಳೋರು ಯಾರು, ಕೇಳೋರು ಯಾರು ಅಂತ. ಪೌಲ, ಸೀಲ ಫಿಲಿಪ್ಪಿ ಜೈಲಿನ್ಯಾಗ ನಡುರಾತ್ರಿ ಹಾಡಿದ್ದು ಎಲ್ಲಾರಿಗೂ ಗೊತ್ತು, ಅಪೊಸ್ತಲರ ಕೃತ್ಯ 16. ಬೆಳಗಾದ ಮ್ಯಾಲೆ ಏನಾತು ಅಂತ ಯಾರೂ ಓದಂಗಿಲ್ಲ. ಅಧಿಕಾರಿಗಳು "ಬಿಟ್ಟುಬಿಡ್ರಿ, ಹೋಗಲಿ" ಅಂತ ಹೇಳಿ ಕಳಸ್ತಾರ. ಪೌಲ ಹೋಗಂಗಿಲ್ಲ. ವಿಚಾರಣೆ ಇಲ್ಲದ ರೋಮ್ ಪ್ರಜೆಗಳಿಗೆ ಊರ ಮುಂದ ಹೊಡಸೀರಿ, ಈಗ ಗುಟ್ಟಾಗಿ ಕಳಸ್ತೀರೇನು, ನೀವ ಬಂದು ಕರಕೊಂಡು ಹೋಗ್ರಿ ಅಂತಾನ. ಅವರು ಬಂದು ಬೇಡಿಕೊಂಡ್ರು. ರಾತ್ರಿ ಹಾಡಿದ ಬಾಯಿನ ಬೆಳಿಗ್ಗೆ ನ್ಯಾಯ ಕೇಳಿತು. ಯಾಕೋಬನೂ ಬರದಾನ, 5ನೇ ಅಧ್ಯಾಯ ತಗದು ನೋಡ್ರಿ: ಹೊಲ ಕೊಯ್ದವರ ಕೂಲಿ ಹಿಡಕೊಂಡ್ರ ಆ ಕೂಲಿನ ಕೂಗತೈತಿ, ಅದು ದೇವರ ಕಿವಿಗೆ ಬೀಳತೈತಿ.

ನಮ್ಮಪ್ಪ ದಿನಾ ಪ್ರಾರ್ಥನೆ ಮಾಡ್ತಿದ್ದ, ದಿನಾ ಸ್ತೋತ್ರ ಹೇಳ್ತಿದ್ದ. ಸಂಘಕ್ಕೂ ಹೋಗ್ತಿದ್ದ.

ಪಿಬಿ ರೋಡ್ ಗ್ಯಾರೇಜ್
ಸಿಟ್ಟಿಲ್ಲ ತಮ್ಮ. ಪಗಾರ ಇಲ್ಲಿ ಬರೆಯಲ್ಲ, ಆದರೆ ಪ್ರಶ್ನೆ ಮನಸ್ಸಿನಲ್ಲಿ ಕೂತಿದೆ.

ವಾಕ್ಯ ಮಾತ್ರ
ಯಾರ್ಡ್‌ನವರೇ, ತೃಪ್ತಿಯನ್ನು ಪೌಲನು ಕಲಿತುಕೊಂಡೆನು ಎನ್ನುತ್ತಾನೆ, ಫಿಲಿಪ್ಪಿಯವರಿಗೆ 4ನೇ ಅಧ್ಯಾಯ. ಆದರೆ ಒಂದು ಮಾತು ಒಪ್ಪುತ್ತೇನೆ. ಅದನ್ನು ಅವನು ತನ್ನ ಬಗ್ಗೆ ಹೇಳಿಕೊಂಡ. ಮತ್ತೊಬ್ಬನ ಕೂಲಿಯ ಬಗ್ಗೆ ಹೇಳಲಿಲ್ಲ.

ಪಕ್ಕದ್ಮನೆ
ನಾನು ನಿಮ್ಮ ಧರ್ಮದವನಲ್ಲ, ನಮ್ಮದು ಲಿಂಗಾಯತರ ಮನೆ. ಪಕ್ಕದ ಮನೆಯವರು ಈ ಲಿಂಕ್ ಕಳಿಸಿದರು. ಕ್ರಿಸ್‌ಮಸ್‌ಗೆ ಅವರ ಮನೆಯಿಂದ ಕರ್ಜಿಕಾಯಿ, ಚಕ್ಕುಲಿ, ಕೇಕಿನ ತಟ್ಟೆ ಬರುತ್ತೆ, ಸಂಕ್ರಾಂತಿಗೆ ನಮ್ಮಿಂದ ಎಳ್ಳು ಬೆಲ್ಲ ಹೋಗುತ್ತೆ. ತಟ್ಟೆ ಖಾಲಿ ವಾಪಸ್ ಕೊಡಬಾರದು ಅಂತ ನಮ್ಮಮ್ಮ ಒಂದು ಹಿಡಿ ಸಕ್ಕರೆಯಾದರೂ ಹಾಕಿ ಕಳಿಸ್ತಾರೆ. ಮೂರನೇ ಬೆಂಚಿನ ಅಕ್ಕನ ಮಾತು ನಮ್ಮ ಕಡೆಯ ಗಂಡಸರಿಗೂ ಸೇರುತ್ತೆ. ದಾಸೋಹದ ಬಗ್ಗೆ ಭಾಷಣ ಮಾಡ್ತೀವಿ, ಒಲೆ ಮುಂದೆ ಕೂತವರು ಯಾರು ಅಂತ ಕೇಳಬೇಡಿ.

ಮೂರನೇ ಬೆಂಚು
ಪಕ್ಕದ್ಮನೆ ಅಣ್ಣ, ನಿಮ್ಮಮ್ಮನಿಗೆ ನಮಸ್ಕಾರ ಹೇಳಿ.

ನೈಟ್‌ಡ್ಯೂಟಿ
ಬೈದು ಹೋದೆ, ಏನು ಮಾಡ್ತೀನಿ ಅಂತ ಹೇಳಲೇ ಇಲ್ಲ. ಹೇಳ್ತೀನಿ.

ರಾತ್ರಿ ಮೂರರ ಹೊತ್ತಿಗೆ ನಮಗೆ ಕಣ್ಣು ಎಳೆಯುತ್ತೆ. ಆಗ ಆಯಾ ಒಬ್ಬರು ಪಕ್ಕದ ವಾರ್ಡಿನಿಂದ ಬಂದು, ಕೇಳದೇನೇ, ಮಲಗಿದ ಮಗುವಿನ ಕೆಳಗಿನ ಒದ್ದೆ ಬಟ್ಟೆ ಎಳೆದು ಹೊಸದು ಹಾಸ್ತಾರೆ. ಮಗು ಏಳಲ್ಲ, ಡ್ರಿಪ್ ಅಲುಗಾಡಲ್ಲ. ಅದೊಂದು ಕೈಚಳಕ, ನಾವು ಓದಿದವರಿಗೆ ಬರಲ್ಲ. ಬೆಳಗ್ಗೆ ಡ್ಯೂಟಿ ಹಸ್ತಾಂತರ ಮಾಡುವಾಗ ನಾವು ಔಷಧಿ, ಜ್ವರ, ಯೂರಿನ್ ಎಷ್ಟು ಅಂತೆಲ್ಲಾ ಓದ್ತೀವಿ. ಆ ಪಟ್ಟಿಯಲ್ಲಿ ಆಯಾ ಹೆಸರು ಇರಲ್ಲ. ನಾನು ಬಾಯಲ್ಲಿ ಸೇರಿಸ್ತೀನಿ, ಡಾಕ್ಟರ್ ಎದುರಿಗೇ. "ರಾತ್ರಿ ಇವರು ಇಲ್ಲದಿದ್ದರೆ ಆಗ್ತಿರಲಿಲ್ಲ ಸಾರ್" ಅಂತ. ಮೊದಮೊದಲು ಆಯಾಗೇ ಮುಜುಗರ ಆಯ್ತು. ಈಗ ನಾನು ಹೇಳೋವರೆಗೆ ಬಾಗಿಲ ಹತ್ತಿರ ನಿಂತಿರ್ತಾರೆ.

ಇದನ್ನ ನಾನು ಪ್ರಾರ್ಥನೆ ಅಂತಲೇ ಲೆಕ್ಕ ಇಡ್ತೀನಿ. ಇನ್ನು ಮಗು ಹೋದ ರಾತ್ರಿ ನಾನು ಸ್ತೋತ್ರ ಹೇಳಲ್ಲ. ಬೈಕ್ ಹತ್ತಿ ಮನೆಗೆ ಹೋಗಿ ಮಲಗ್ತೀನಿ. ಒಂದೆರಡು ದಿನ ಆದಮೇಲೆ, ಆ ಮಗುವಿನ ಯಾವುದಾದರೂ ಒಂದು ನೆನಪು, ಬೆರಳು ಹಿಡಿದದ್ದೋ ಏನೋ, ತಾನಾಗಿ ಬಂದಾಗ ಹೇಳ್ತೀನಿ. ದೇವರಿಗೆ ಅವಸರ ಇಲ್ಲ ಅಂತ ನನ್ನ ಅಭಿಪ್ರಾಯ.

ಹರಿಹರದ ಮೇಷ್ಟ್ರು
ಮಗಳೇ, ಇಷ್ಟು ವರ್ಷ ಕೇಳಿದ ಪ್ರಸಂಗಗಳಲ್ಲಿ ಇದು ಬಂದಿರಲಿಲ್ಲ.

ಹಿರಿಯೂರು ಈರುಳ್ಳಿ
ನಮ್ಮ ಕಡೇದು ಒಂದು ಕೇಳ್ತೀನಿ, ಉತ್ತರ ಗೊತ್ತಿದ್ದರೆ ಹೇಳ್ರಪ್ಪ. ಹಿರಿಯೂರು ತಾಲ್ಲೂಕು. ಚಿತ್ರದುರ್ಗ ಜಿಲ್ಲೆ ಅಂದ್ರೆ ನಿಮಗೆ ಕೋಟೆ, ಒನಕೆ ಓಬವ್ವ. ನಮಗೆ ಬೋರ್‌ವೆಲ್, ಎಷ್ಟು ಅಡಿಗೆ ನೀರು ಬಿತ್ತು ಅನ್ನೋ ಮಾತು. ದಾವಣಗೆರೆಯವರಿಗೆ ಭದ್ರಾ ನಾಲೆ ಐತೆ, ನಾಲೆ ನೀರು ತಡ ಆದ್ರೆ ರಸ್ತೆಗೆ ಇಳೀತಾರೆ. ನಾವು ಆಕಾಶ ನೋಡ್ತೀವಿ.

ನಮ್ಮ ವಾಣಿವಿಲಾಸ ಸಾಗರ, ಮಾರಿಕಣಿವೆ ಅಂತೀವಿ, ವೇದಾವತಿ ನದಿಗೆ ಕಟ್ಟಿದ್ದು, ಮೈಸೂರು ಮಹಾರಾಜರ ಕಾಲದಲ್ಲಿ, 1907ಕ್ಕೆ ಮುಗೀತು. 130 ಅಡಿ ತುಂಬಿದ್ರೆ ಕೋಡಿ. 1933ರಲ್ಲಿ ಕೋಡಿ ಬಿದ್ದಿತ್ತು ಅಂತ ನಮ್ಮ ತಾತನೋರು ಹೇಳೋರು, ಅದು ನಮಗೆ ಕಥೆ ಇದ್ದಂಗೆ ಇತ್ತು. 2022ರ ಸೆಪ್ಟೆಂಬರಿನಲ್ಲಿ ಮತ್ತೆ ಬಿತ್ತು. 89 ವರ್ಷ! ಜನ ಟ್ರ್ಯಾಕ್ಟರ್, ಟೆಂಪೋ ಕಟ್ಟಿಕೊಂಡು ನೋಡೋಕೆ ಹೋದ್ರು. ಮುದುಕರು ನೀರು ಮುಟ್ಟಿ ಅತ್ತರು. ನಾನೂ ಹೋಗಿದ್ದೆ, ನೊರೆ ನೊರೆಯಾಗಿ ಬೀಳೋ ನೀರು ನೋಡ್ತಾ ನಿಂತರೆ ಕಾಲು ಕೀಳೋಕೆ ಮನಸ್ಸು ಬರಲ್ಲ.

ಸಭೇಲಿ ಪಾದ್ರಿ ಅಯ್ಯನವರು ಆ ಭಾನುವಾರ ವಿಶೇಷ ಕೃತಜ್ಞತಾ ಆರಾಧನೆ ಇಟ್ಟರು. ಎಲ್ಲಾ ಎದ್ದು ನಿಂತು ಸ್ತೋತ್ರ. ನಾನೂ ನಿಂತೆ. ಆದರೆ ಡ್ಯಾಂ ತುಂಬಿಸಿದ ಅದೇ ಮಳೆ ನಮ್ಮ ಹೊಲದ ಈರುಳ್ಳೀನ ನೆಲದಲ್ಲೇ ಕೊಳೆಸಿತ್ತು. ಕಿತ್ತರೆ ಸಿಪ್ಪೆ ಕೈಗೆ ಬರೋದು, ಒಳಗೆ ಲೋಳೆ, ನಾತ. ಕೂಲಿ ಕೊಟ್ಟು ಕೀಳಿಸಿದ್ರೆ ಕೂಲಿಯೂ ಹುಟ್ಟಲ್ಲ ಅಂತ ಹೊಲದಲ್ಲೇ ಬಿಟ್ಟೋ. ಒಂದೇ ಮಳೆಗೆ ಹೆಂಗೆ ಸ್ತೋತ್ರ ಹೇಳಲಿ, ಹೆಂಗೆ ಅಳಲಿ?

ಬೈಬಲಿನಲ್ಲಿ ಪ್ರವಾದಿ ಹಬಕ್ಕೂಕನ ಪುಸ್ತಕದ ಕೊನೇಲಿ ಐತಲ್ಲ, ಅಂಜೂರ ಚಿಗುರದಿದ್ರೂ, ದ್ರಾಕ್ಷಿ ಬಿಡದಿದ್ರೂ, ಹಟ್ಟೀಲಿ ಕುರಿ ಇಲ್ಲದಿದ್ರೂ ದೇವರಲ್ಲಿ ಉಲ್ಲಾಸ ಪಡ್ತೀನಿ ಅಂತ. ಅದನ್ನ ಓದೋಕೆ ನನಗೆ ಧೈರ್ಯ ಬರುತ್ತೆ, ಯಾಕಂದ್ರೆ ಅವನು ಇಲ್ಲದ್ದನ್ನ ಒಂದೊಂದಾಗಿ ಲೆಕ್ಕ ಹಾಕ್ತಾನೆ. ಬೆಳೆ ಹೋಯ್ತು ಅನ್ನೋದನ್ನ ಮುಚ್ಚಿಟ್ಟು ಹಾಡಲ್ಲ.

ನನ್ನ ತಕರಾರು ಬೇರೆ. ಆ ವರ್ಷ ಸುಗ್ಗಿ ಹಬ್ಬಾನೂ ಮಾಡಿದ್ರು. ಸುಗ್ಗಿ ಹಬ್ಬದ ಹರಾಜು ನೋಡದೇ ಇರೋರಿಗೆ ಹೇಳ್ತೀನಿ: ಎಲ್ಲರೂ ಬೆಳೆದದ್ದು, ಮಾಡಿದ್ದು ತಂದು ಪೀಠದ ಮುಂದೆ ಇಡ್ತಾರೆ. ತೆಂಗಿನಕಾಯಿ, ಕುಂಬಳಕಾಯಿ, ಶೇಂಗಾ, ರಾಗಿ, ನಾಟಿ ಕೋಳಿ, ಹೆಂಗಸರು ಮಾಡಿದ ಕೋಡುಬಳೆ. ಆರಾಧನೆ ಆದಮೇಲೆ ಕೂಗು. ಒಂದು ನಾಟಿ ಮೊಟ್ಟೆ ಐನೂರಕ್ಕೆ ಹೋಗುತ್ತೆ. ತಗೊಂಡೋನು "ಮತ್ತೆ ಕೂಗಿ" ಅಂತ ವಾಪಸ್ ಇಡ್ತಾನೆ, ಇನ್ನೊಬ್ಬ ಮುನ್ನೂರಕ್ಕೆ ತಗೋತಾನೆ, ಅವನೂ ಇಡ್ತಾನೆ. ಒಂದು ಮೊಟ್ಟೆ ಸಭೆ ತುಂಬಾ ಸುತ್ತುತ್ತೆ, ಮಕ್ಕಳು ಕೇಕೆ ಹಾಕ್ತಾರೆ. ನನಗೆ ವರ್ಷದಲ್ಲಿ ಅಷ್ಟು ಖುಷಿ ಕೊಡೋ ದಿನ ಇನ್ನೊಂದಿಲ್ಲ. ಆ ಸಲ ಬೆಳೆ ಹೋದೋರು ನಾಲ್ಕಾರು ಮನೆಯೋರು ಹಿಂದಿನ ಸಾಲಲ್ಲಿ ಕೈ ಕಟ್ಟಿ ಕೂತಿದ್ದೋ. ಹರಾಜಿನ ದುಡ್ಡು ಒಳ್ಳೇದಾಗಿ ಬಂತು. ಅದರಲ್ಲಿ ಕಾಂಪೌಂಡ್ ಗೋಡೆಗೆ ಬಣ್ಣ ಹೊಡೆಸಿದ್ರು. ಗೋಡೆ ಚೆನ್ನಾಗೈತೆ.

ಯಾರ್ಡ್‌ನವ
ಗೋಡೆಗೆ ಬಣ್ಣ! ಭೇಷ್.

ಪಿಬಿ ರೋಡ್ ಗ್ಯಾರೇಜ್
ಈರುಳ್ಳಿ ಅಣ್ಣ, ಬೆಳೆ ಹೋದ ವರ್ಷ ಹಬ್ಬ ನಿಲ್ಲಿಸಬೇಕಿತ್ತು ಅಂತೀರಾ?

ಹಿರಿಯೂರು ಈರುಳ್ಳಿ
ಇಲ್ಲ ಇಲ್ಲ. ನಿಲ್ಲಿಸಿದ್ರೆ ಇನ್ನೂ ಬೇಜಾರು. ಬೆಳೆ ಬಂದೋರು ಇದ್ದರು, ಅವರು ಸ್ತೋತ್ರ ಹೇಳೋದು ಬೇಡ ಅನ್ನೋಕೆ ನಾನ್ಯಾರು. ನಮ್ಮನ್ನ ಯಾರಾದ್ರೂ ಒಬ್ಬರು ಬಂದು ಕೇಳಬೇಕಿತ್ತು ಅಷ್ಟೇ, "ಬಿತ್ತನೆಗೆ ಏನು ಮಾಡ್ತೀರಿ?" ಅಂತ.

ಸೆಪ್ಟೆಂಬರ್ ಎಂಟು
ನಮ್ಮಲ್ಲೂ ಹೀಗೇ ಆಗುತ್ತೆ ಅಣ್ಣ. ಹಬ್ಬದ ಲೆಕ್ಕಪತ್ರದಲ್ಲಿ ಲೈಟಿಂಗ್ ಖರ್ಚು ಮೊದಲು ಇರುತ್ತೆ.

ಹರಿಹರದ ಮೇಷ್ಟ್ರು
ಹಿರಿಯೂರಿನವರೇ, ನಿಮ್ಮ ಒಂದೇ ಮಳೆಯ ಪ್ರಶ್ನೆಗೆ ನನ್ನಲ್ಲಿ ಉತ್ತರವಿಲ್ಲ. ಎರಡನ್ನೂ ಒಂದೇ ಪ್ರಾರ್ಥನೆಯಲ್ಲಿ ಹೇಳಬಹುದು ಎನ್ನುವುದಕ್ಕೆ ಕೀರ್ತನೆಗಳೇ ಸಾಕ್ಷಿ, ಅಷ್ಟು ಮಾತ್ರ ಹೇಳಬಲ್ಲೆ. ಹರಾಜಿನ ದುಡ್ಡಿನ ವಿಷಯಕ್ಕೆ ಮಾತ್ರ ಆಧಾರ ಇದೆ.

ಹಳೇ ಒಡಂಬಡಿಕೆಯಲ್ಲಿ ಕೃತಜ್ಞತೆಗಾಗಿ ಯಜ್ಞ ಅರ್ಪಿಸಿದರೆ ಅದರ ಮಾಂಸವನ್ನು ಅದೇ ದಿನ ತಿಂದು ಮುಗಿಸಬೇಕು, ಬೆಳಗಿನ ತನಕ ಉಳಿಸಬಾರದು ಎಂದು ಕಟ್ಟಳೆ. ಒಂದು ಇಡೀ ಪ್ರಾಣಿಯನ್ನು ಒಂದು ಮನೆಯವರು ಒಂದೇ ದಿನದಲ್ಲಿ ತಿಂದು ಮುಗಿಸುವುದಾದರೂ ಹೇಗೆ? ಊರವರನ್ನು ಕರೆಯಲೇಬೇಕು. ನಾನು ಅದನ್ನು ಹಾಗೆ ಓದಿಕೊಂಡಿದ್ದೇನೆ. ಪ್ರಥಮ ಫಲದ ಬುಟ್ಟಿ ತಂದವನಿಗೂ ಮೋಶೆ ಹೇಳುವುದು, ನೀನೂ ನಿನ್ನ ಊರಿನ ಲೇವಿಯೂ (ದೇವಾಲಯದ ಸೇವೆಯ ಕುಲದವನು) ನಿಮ್ಮ ನಡುವೆ ಇರುವ ಪರದೇಶಿಯೂ ಕೂಡಿ ಸಂತೋಷಪಡಬೇಕೆಂದು. ಹೊಲವಿಲ್ಲದವರು ಆ ಪಟ್ಟಿಯಲ್ಲಿ ಬೇಕೆಂದೇ ಇದ್ದಾರೆ. ನಮ್ಮ ಸುಗ್ಗಿ ಹಬ್ಬದಲ್ಲಿ ಬೆಳೆ ಬಂದವನು ತರುತ್ತಾನೆ, ಬೆಳೆ ಹೋದವನು ನೋಡುತ್ತಾನೆ.

ವಾಕ್ಯ ಮಾತ್ರ
ಇದು ನಿಜ. ನಮ್ಮ ಸಭೆಯಲ್ಲಿ ಹರಾಜೇ ಇಲ್ಲ, ಆದರೂ ನಿಜ.

ಹಿರಿಯೂರು ಈರುಳ್ಳಿ
ಮೇಷ್ಟ್ರೇ, ಈ ಸಲ ಸಭಾ ಕಮಿಟಿ ಮೀಟಿಂಗಿನಲ್ಲಿ ಇದನ್ನ ಇಡ್ತೀನಿ. ಹರಾಜಿನ ದುಡ್ಡಿನಲ್ಲಿ ಅರ್ಧ ಬಿತ್ತನೆ ಬೀಜಕ್ಕೆ, ಬೆಳೆ ಹೋದೋರಿಗೆ, ಸಭೆಯೋರೇ ಆಗಬೇಕು ಅಂತೇನಿಲ್ಲ. ಖಜಾಂಚಿ ಒಪ್ಪಲ್ಲ, ಮಹಡಿ ಮೇಲೆ ಶೀಟ್ ಹಾಕಿಸಬೇಕು ಅಂತ ಕಾಯ್ತಾ ಇದಾರೆ. ವಚನ ಇದ್ರೆ ಬಾಯಿ ಮುಚ್ಚಿಸಬಹುದು. ಅಧ್ಯಾಯ, ವಚನ ಬರೀರಿ.

ಹರಿಹರದ ಮೇಷ್ಟ್ರು
ಯಾಜಕಕಾಂಡ 7:15. ಧರ್ಮೋಪದೇಶಕಾಂಡ 26:11. ಬಾಯಿ ಮುಚ್ಚಿಸುವುದಕ್ಕೆ ಅಲ್ಲ, ಮೊದಲು ಅಯ್ಯನವರ ಹತ್ತಿರ ಮನೆಗೆ ಹೋಗಿ ಮಾತಾಡಿ, ಮೀಟಿಂಗಿನಲ್ಲಿ ದಿಢೀರ್ ಎತ್ತಬೇಡಿ.

ಯಾರ್ಡ್‌ನವ
ಶೀಟಿನ ಕೊಟೇಶನ್ ಎಷ್ಟು ಅಂತ ಕೇಳ್ರಿ ಅಣ್ಣ, ಅದೂ ಕೈಯಾಗ ಇರಲಿ.

ಹಿರಿಯೂರು ಈರುಳ್ಳಿ
ಅದನ್ನೇ ಕೇಳೋಕೆ ನಾಳೆ ಹೋಗ್ತಿದೀನಿ.